ಅತ್ತೆಯ ಗಂಜಿಯ ಉಪ್ಪು

ಮದುವೆಯಾದ ವರ್ಷ ನಾನು ಅತ್ತೆಗೆ ಒಂದು ಮಾತು ಕೊಟ್ಟಿದ್ದೆ. ಎಂಥ ಕಾಲ ಬಂದರೂ ನಿಮ್ಮ ಮುಂದೆ ಉಪ್ಪಿಲ್ಲದ ಗಂಜಿ ಇಡುವುದಿಲ್ಲ ಅಂತ.

ಕಾಸರಗೋಡಿನ ಮನೆಯಲ್ಲಿ ಆಗ ಅತ್ತೆಯ ತಾಯಿ ಹಾಸಿಗೆ ಹಿಡಿದಿದ್ದರು. ಹೃದಯದ ಕಾಯಿಲೆ. ಡಾಕ್ಟರು ಉಪ್ಪು ನಿಲ್ಲಿಸಿದ್ದರು. ಹೊತ್ತುಹೊತ್ತಿಗೆ ಒಳಕೋಣೆಗೆ ಸಪ್ಪೆ ಗಂಜಿಯ ಬಟ್ಟಲು ಹೋಗುತ್ತಿತ್ತು, ಮುಕ್ಕಾಲು ಪಾಲು ಹಾಗೆಯೇ ಹಿಂದೆ ಬರುತ್ತಿತ್ತು. ಕೊನೆಕೊನೆಗೆ ಬಟ್ಟಲು ಕಂಡರೆ ಸಾಕು, ಆ ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಅತ್ತೆ ಆಗ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೆಲಸದಲ್ಲಿದ್ದರು. ಒಂದು ಭಾನುವಾರ ಹಿತ್ತಲಿನಲ್ಲಿ ಆ ಬಟ್ಟಲು ತೊಳೆಯುತ್ತಾ ಹೇಳಿದರು:

"ದೀಪ್ತಿ, ಸಪ್ಪೆ ಗಂಜಿ ಅಂದ್ರೆ ಊಟ ಅಲ್ಲ ಮಗಾ. ನೀನಿನ್ನು ಏಳ್ಲಿಕ್ಕಿಲ್ಲ ಅಂತ ಮನೆಯವರು ಹೇಳುವ ಕ್ರಮ ಅದು. ನನಗೆ ಆ ಬಟ್ಟಲು ತರಬೇಡ."

"ಇಲ್ಲ ಅತ್ತೆ."

"ಇಲ್ಲ ಅಂದ್ರೆ ಎಂತ ಇಲ್ಲ? ಸರಿಯಾಗಿ ಹೇಳು."

"ನಿಮ್ಮ ಮುಂದೆ ಉಪ್ಪಿಲ್ಲದ ಗಂಜಿ ಇಡ್ಲಿಕ್ಕಿಲ್ಲ ಅತ್ತೆ. ಆಯ್ತಾ?"

"ಆಯ್ತು" ಅಂದರು, ದಸ್ತಾವೇಜಿಗೆ ಸೀಲು ಒತ್ತಿದ ಹಾಗೆ. ಆಮೇಲೆ ಆ ವಿಷಯ ಎತ್ತಲಿಲ್ಲ. ನನಗಾಗ ಇಪ್ಪತ್ತನಾಲ್ಕು ವರ್ಷ. ಉಪ್ಪಿನ ಬಗ್ಗೆ ಮಾತು ಕೊಡುವುದು ಭಾರೀ ಸುಲಭ ಅಂತ ಕಂಡಿತ್ತು.

ಈಗ ನಾವಿರುವುದು ಎರ್ನಾಕುಳಂ ಹತ್ತಿರದ ಕಳಮಶ್ಶೇರಿಯಲ್ಲಿ. ಏಲೂರಿನ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ನಾನು ಕೆಮಿಸ್ಟ್. ಹೊಳೆಯಿಂದ ಎತ್ತಿದ ನೀರು, ಬಾಯ್ಲರಿಗೆ ಹೋಗುವ ನೀರು, ಅಲ್ಲಿಂದ ಹೊರಬರುವ ನೀರು, ಯಾವುದರಲ್ಲಿ ಎಷ್ಟು ಉಪ್ಪು ಕರಗಿದೆ ಅಂತ ನೋಡುವುದೇ ದಿನವಿಡೀ ಕೆಲಸ. ಬೇಸಿಗೆಯಲ್ಲಿ ಸಮುದ್ರದ ನೀರು ಹೊಳೆಗೆ ಏರಿ ಬಂದರೆ ಕೆಲಸ ಇಮ್ಮಡಿ, ಮನೆಗೆ ಬರುವಾಗ ಕೈಕಾಲು ನನ್ನದಲ್ಲ. ನನ್ನ ಗಂಡ ಜಯಕರ ಸೆಕ್ರೆಟರಿಯೇಟಿನ ಕಾನೂನು ವಿಭಾಗದಲ್ಲಿದ್ದಾರೆ. ತಿರುವನಂತಪುರದಲ್ಲಿ, ತುಂಬ ಅನ್ನುವ ಕಡಲ ಬದಿಯ ಊರಿನ ಹತ್ತಿರ, ಅವರದ್ದೊಂದು ಬಾಡಿಗೆ ಮನೆ. ಶನಿವಾರ ರೈಲಿನಲ್ಲಿ ಬರುತ್ತಾರೆ, ಭಾನುವಾರ ಸಂಜೆ ಹೋಗುತ್ತಾರೆ. ಮಗಳು ಅಶ್ವಿತಾ ಪ್ಲಸ್ ಒನ್, ಅಂದರೆ ಹನ್ನೊಂದನೇ ಕ್ಲಾಸು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಬರುವುದು ಮಲಯಾಳ. ಅವಳು ಮಲಯಾಳದಲ್ಲಿ ಜಗಳ ತೆಗೆಯುತ್ತಾಳೆ, ಅಜ್ಜಿ ಕನ್ನಡದಲ್ಲಿ ಗೆಲ್ಲುತ್ತಾರೆ. ಅವಳು ಆಡಿದ್ದನ್ನು ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅತ್ತೆ ಪೆನ್ಶನ್ ಆದ ಮೇಲೆ ನಮ್ಮ ಜೊತೆಗೇ ಬಂದವರು. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಮಗನ ಅಡುಗೆ ಹೇಗುಂಟು ನೋಡಿ ಬರುತ್ತೇನೆ ಅಂತ ತಿರುವನಂತಪುರಕ್ಕೆ ಹೋದರು. ವಾರ ಕಳೆಯುವ ಮೊದಲು ಜಯಕರರ ಫೋನು. ಅಮ್ಮನಿಗೆ ಮಲಗಿದರೆ ಉಸಿರು ಕಟ್ಟುತ್ತದೆ, ಕಾಲು ಊದಿದೆ, ಆಸ್ಪತ್ರೆಗೆ ಕರಕೊಂಡು ಬಂದಿದ್ದೇನೆ. ನಾನೂ ಅಶ್ವಿತಾಳೂ ಸಿಕ್ಕಿದ ರೈಲು ಹತ್ತಿ ಹೋದೆವು. ಎದೆಗೂಡಿನಲ್ಲಿ ನೀರು ತುಂಬಿತ್ತು. ಅದನ್ನು ಇಳಿಸಿ, ಮನೆಗೆ ಕಳಿಸುವ ದಿನ ಡಾಕ್ಟರ್ ವಿನ್ಸೆಂಟ್ ನಮ್ಮೆಲ್ಲರನ್ನೂ ಮುಂದೆ ಕೂರಿಸಿದರು. ಮೇಜಿನ ಮೇಲಿದ್ದ ಚಹಾದ ಚಮಚ ಎತ್ತಿ ತೋರಿಸಿದರು.

"ಅಮ್ಮೇ, ಇಡೀ ದಿನಕ್ಕೆ ಇದರಲ್ಲಿ ಮುಕ್ಕಾಲು ಚಮಚ ಉಪ್ಪು. ಪಲ್ಯ, ಸಾಂಬಾರು, ಚಟ್ನಿ ಎಲ್ಲ ಸೇರಿ. ಹೃದಯಕ್ಕೆ ಶಕ್ತಿ ಕಡಿಮೆ. ಕಿಡ್ನಿಯೂ ಅಷ್ಟಕ್ಕಷ್ಟೇ. ಉಪ್ಪು ಹೋದಲ್ಲಿ ನೀರು ನಿಲ್ಲುತ್ತದೆ. ಕುಡಿಯುವ ನೀರಿಗೂ ಅಳತೆ ಬೇಕು."

"ಗಂಜಿ?" ಅಂತ ಅತ್ತೆ ಕೇಳಿದರು. ಬೆಳಿಗ್ಗೆ ದೋಸೆಯೋ ಇಡ್ಲಿಯೋ ಏನಾದರೂ ಆದೀತು, ಅವರಿಗೆ ಸಂಜೆ ಕುಚ್ಚಲಕ್ಕಿ ಗಂಜಿಯೇ ಆಗಬೇಕು. ನಾನು ಕಂಡಂದಿನಿಂದ ಹಾಗೆಯೇ.

"ಗಂಜಿ ಕುಡಿಯಬಹುದು. ಉಪ್ಪು ಹಾಕಬೇಡಿ, ಅಷ್ಟೇ."

"ಗಂಜಿ ಆಗ್ತದಂತೆ ಅಮ್ಮ" ಅಂತ ಜಯಕರ ಸಂತೋಷದಲ್ಲಿ ಹೇಳಿದರು. ಅತ್ತೆ ಮಗನನ್ನು ನೋಡಲಿಲ್ಲ. ನನ್ನನ್ನು ನೋಡಿದರು.

ಕಳಮಶ್ಶೇರಿಗೆ ಬಂದ ಮೇಲೆ ನಾನೇ ಮಾತು ತೆಗೆದೆ. "ಅತ್ತೆ, ನಾನು ಹೇಳಿದ್ದು ನೆನಪುಂಟು."

"ನೆನಪಿದ್ರೆ ಸಾಲದು ಮಗಾ."

ಗಂಜಿಯನ್ನು ಮುಟ್ಟುವ ಧೈರ್ಯ ಬರಲಿಲ್ಲ. ಉಳಿದದ್ದರಲ್ಲಿ ಉಪ್ಪು ತೆಗೆದೆ. ಸಾಂಬಾರಿಗೆ ಹುಳಿ ಮುಂದೆ ಮಾಡಿದೆ, ಪಲ್ಯಕ್ಕೆ ನಿಂಬೆ ಹಿಂಡಿದೆ, ಕಾಳುಮೆಣಸು ಕುಟ್ಟಿ ಹಾಕಿದೆ. ಅತ್ತೆ ಎರಡು ತುತ್ತು ತಿಂದು "ಆಸ್ಪತ್ರೆಯದಕ್ಕಿಂತ ಒಳ್ಳೆದುಂಟು" ಅನ್ನುತ್ತಿದ್ದರು, ಕೈ ತೊಳೆಯಲು ಏಳುತ್ತಿದ್ದರು. ಹೆಚ್ಚು ಹೇಳಿದರೆ ಹಸಿವಿಲ್ಲ. ಕೆಲವೇ ದಿನಗಳಲ್ಲಿ ರವಿಕೆ ಭುಜದಿಂದ ಜಾರಲು ಶುರುವಾಯಿತು. ಕಾಲಿನ ಗಂಟು ಮಾತ್ರ ಊದಿಯೇ ಇತ್ತು. ಅಶ್ವಿತಾ ದಿನಾ ಸಂಜೆ ಅಜ್ಜಿಯ ಕಾಲಿಗೆ ಹೆಬ್ಬೆರಳು ಒತ್ತಿ, ಎತ್ತಿ, ಬಿದ್ದ ಹೊಂಡ ತುಂಬುತ್ತದೋ ಅಂತ ಕಾಯುತ್ತಿದ್ದಳು. "ರಬ್ಬರ್ ಸ್ಟಾಂಪಾ ನನ್ನ ಕಾಲು?" ಅಂತ ಅತ್ತೆ ಬೈಯುತ್ತಿದ್ದರು, ಆದರೆ ಕಾಲು ಹಿಂದೆ ಎಳೆಯುತ್ತಿರಲಿಲ್ಲ. ಉಪ್ಪು ಕೊಟ್ಟರೆ ಎದೆಗೆ ನೀರು ಏರುತ್ತದೆ, ಕೊಡದಿದ್ದರೆ ಊಟ ನಿಲ್ಲುತ್ತದೆ. ಎರಡರಲ್ಲಿ ಯಾವುದಾದರೂ ಅವರನ್ನು ನಮ್ಮಿಂದ ಕಸಿದುಕೊಳ್ಳುತ್ತದೆ ಅಂತ ನನಗೆ ಗೊತ್ತಿತ್ತು.

ಸರಿ, ಗಂಜಿಗೇ ಕೈ ಹಾಕುವುದು ಅಂತ ತೀರ್ಮಾನಿಸಿದೆ. ಉಪ್ಪು ಪೂರ್ತಿ ತೆಗೆಯುವುದಲ್ಲ, ಸಾಂದ್ರತೆ ಇಳಿಸುತ್ತಾ ಬರುವುದು. ಲ್ಯಾಬಿನಲ್ಲಿ ನಿತ್ಯ ಮಾಡುವ ಕೆಲಸವೇ ಅಲ್ಲವಾ, ಗಟ್ಟಿ ದ್ರಾವಣಕ್ಕೆ ನೀರು ಸೇರಿಸಿ ತೆಳು ಮಾಡುವುದು. ಪಾತ್ರೆಗೆ ಹಾಕುವ ಉಪ್ಪು ಮೊದಲಿನಷ್ಟೇ, ನೀರು ದಿನದಿನ ಸ್ವಲ್ಪ ಹೆಚ್ಚು. ಒಮ್ಮೆಲೇ ಇಳಿಸಿದರೆ ನಾಲಿಗೆಗೆ ಗೊತ್ತಾಗುತ್ತದೆ, ನಿಧಾನ ಇಳಿಸಿದರೆ ಅದು ಒಗ್ಗಿಕೊಳ್ಳುತ್ತದೆ. ಅತ್ತೆ ಏನೂ ಹೇಳಲಿಲ್ಲ. ಹೇಳಿದ್ದು ಇಷ್ಟೇ: "ಗಂಜಿ ನೀರು ನೀರು ಉಂಟು. ಹೊಟ್ಟೆಗೆ ನಿಲ್ಲುವುದಿಲ್ಲ. ಇನ್ನೊಂದು ಸೌಟು ಹಾಕು." ನಾನು ಖುಷಿಯಲ್ಲಿ ಹಾಕಿದೆ. ಅತ್ತೆ ಕೇಳಿ ಹಾಕಿಸಿಕೊಂಡು ಉಣ್ಣುತ್ತಿದ್ದಾರೆ ಅಂತ ಜಯಕರರಿಗೆ ಫೋನು ಮಾಡಿ ಹೇಳಿದೆ.

ಆ ಸಮಯ ಅಶ್ವಿತಾಳಿಗೆ ಕೆಮಿಸ್ಟ್ರಿಯಲ್ಲಿ ದ್ರಾವಣಗಳ ಲೆಕ್ಕ ನಡೆಯುತ್ತಿತ್ತು. ಊಟದ ಮೇಜಿನ ಒಂದು ತುದಿಯಲ್ಲಿ ಅವಳ ಪುಸ್ತಕ, ಇನ್ನೊಂದು ತುದಿಯಲ್ಲಿ ಅಜ್ಜಿಯ ಬಟ್ಟಲು.

"ಅಮ್ಮಾ, ಅಜ್ಜಿಯ ಗಂಜಿಗೆ ನೀರು ಸೇರಿಸ್ತಾ ಇದ್ದೀಯಾ?"

"ಹೌದು. ಸಾಂದ್ರತೆ ಇಳಿಸ್ತಾ ಇದ್ದೇನೆ. ಈಗ ಮೊದಲಿನ ಅರ್ಧಕ್ಕೆ ಬಂತು" ಅಂದೆ, ಸ್ವಲ್ಪ ಜಂಬದಲ್ಲೇ.

"ಅಜ್ಜಿ ಮೊದಲು ಎಷ್ಟು ಬಟ್ಟಲು ಕುಡೀತಿದ್ರು?"

"ಒಂದು."

"ಈಗ?"

ಎರಡನೇ ಬಟ್ಟಲು ಅತ್ತೆಯ ಮುಂದಿತ್ತು. ಅವಳು ಪೆನ್ಸಿಲ್ ಕೆಳಗಿಟ್ಟಳು. "ಸಾಂದ್ರತೆ ಅರ್ಧ, ಗಾತ್ರ ಎರಡರಷ್ಟು. ಉಪ್ಪು ಎಲ್ಲಿಗೆ ಹೋಯ್ತು ಅಮ್ಮಾ? ಅಜ್ಜಿಯ ಹೊಟ್ಟೆಗೇ ಹೋಯ್ತು. ಅದರ ಮೇಲೆ ಒಂದು ಬಟ್ಟಲು ನೀರು ಫ್ರೀ."

ಅತ್ತೆ ಬಟ್ಟಲಿನಿಂದ ತಲೆ ಎತ್ತಿದರು. "ಆ ಫ್ಯಾಕ್ಟರಿಯವರು ನಿನ್ನಮ್ಮನನ್ನು ಯಾವ ಧೈರ್ಯದಲ್ಲಿ ಇಟ್ಟುಕೊಂಡಿದ್ದಾರೆ ಮಗಾ?"

ನಾನು ಯಾವಾಗಲೂ ಲೀಟರಿಗೆ ಎಷ್ಟು ಅಂತ ನೋಡುವವಳು. ಬಾಯ್ಲರು ಇನ್ನೊಂದು ಸೌಟು ಹಾಕು ಅಂತ ಕೇಳುವುದಿಲ್ಲ.

ಮುಂದಿನ ತಪಾಸಣೆಗೆ ಅತ್ತೆಯನ್ನು ಕರಕೊಂಡು ತಿರುವನಂತಪುರಕ್ಕೆ ಹೋದೆವು. ಹಿಂದಿನ ದಿನವೇ ಹೋಗಿ ಜಯಕರರ ಬಾಡಿಗೆ ಮನೆಯಲ್ಲಿ ಉಳಿದೆವು. ಸಮುದ್ರದ ಗಾಳಿಗೆ ಆ ಮನೆಯ ಕಿಟಕಿಯ ಸರಳೆಲ್ಲ ತುಕ್ಕು, ಮುಚ್ಚಿಟ್ಟ ಉಪ್ಪಿನ ಡಬ್ಬಿಯೂ ಒಂದು ರಾತ್ರಿಯಲ್ಲಿ ಒದ್ದೆ. ಬೆಳಿಗ್ಗೆ ಜಯಕರ ಅಡುಗೆಮನೆಗೆ ಯಾರನ್ನೂ ಬಿಡಲಿಲ್ಲ. ತಾವೇ ಉಪ್ಪಿಟ್ಟು ಮಾಡಿ ತಂದು ಅಮ್ಮನ ಮುಂದಿಟ್ಟು, ಪಕ್ಕದಲ್ಲಿ ಕೈಕಟ್ಟಿ ನಿಂತರು.

"ಹೊಟ್ಟೆ ತುಂಬ ತಿನ್ನಿ ಅಮ್ಮ. ಇದರಲ್ಲಿ ಬೇಕಾದಷ್ಟು ಉಪ್ಪುಂಟು. ಹೃದಯಕ್ಕೆ ತೊಂದರೆ ಇಲ್ಲದ್ದು, ಸೂಪರ್ ಮಾರ್ಕೆಟಿನಲ್ಲಿ ಸಿಕ್ಕಿತು."

ಅತ್ತೆ ಒಂದು ತುತ್ತು ಬಾಯಿಗಿಟ್ಟು ಅಲ್ಲೇ ನಿಲ್ಲಿಸಿದರು. "ಜಯಾ, ಇದು ಉಪ್ಪಲ್ಲ. ಯಾರದ್ದೋ ಮದ್ದು."

ನಾನು ಒಳಗೆ ಹೋಗಿ ಪ್ಯಾಕೆಟ್ ತಿರುಗಿಸಿ ನೋಡಿದೆ. ಸೋಡಿಯಂ ಕಡಿಮೆ ಮಾಡಿದ ಉಪ್ಪು, ಕಡಿಮೆ ಮಾಡಿದ ಜಾಗಕ್ಕೆ ಪೊಟ್ಯಾಸಿಯಂ ಸೇರಿಸಿದ್ದು. ಕಿಡ್ನಿ ಸರಿ ಇಲ್ಲದವರು ವೈದ್ಯರನ್ನು ಕೇಳದೆ ತಿನ್ನಬಾರದು ಅಂತ ಸಣ್ಣ ಅಕ್ಷರದಲ್ಲಿ ಬರೆದೂ ಇತ್ತು. ಅತ್ತೆಯ ಮುಂದಿನ ತಟ್ಟೆ ಎತ್ತಿಕೊಂಡೆ.

"ನೀವು ಆಫೀಸಿನಲ್ಲಿ ಕಾಯಿದೆಯ ಅಡಿಟಿಪ್ಪಣಿ ಕೂಡ ಬಿಡದೆ ಓದ್ತೀರಿ. ಪ್ಯಾಕೆಟಿನ ಹಿಂದೆ ಓದ್ಲಿಕ್ಕೆ ಎಂತ ಕಷ್ಟ?"

"ಮುಂದೆ ಹೃದಯದ ಚಿತ್ರ ಇತ್ತು ಮಾರಾಯ್ತಿ" ಅಂದರು ಪಾಪ.

"ಬಿಡು, ಅವನು ಪ್ರೀತಿಯಲ್ಲಿ ವಿಷ ಹಾಕಿದ್ದು" ಅಂತ ಅತ್ತೆ ಮಗನ ಪರ ವಹಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರ್ ವಿನ್ಸೆಂಟ್ ನಗಲಿಲ್ಲ. ಅತ್ತೆಯ ಕಾಲು ಒತ್ತಿದರು. ಹೊಂಡ ಬಿತ್ತು, ಹಾಗೇ ಉಳಿಯಿತು. ತೂಕದ ಕಾಗದ ನೋಡಿ, ತೋಳು ಮುಟ್ಟಿ ನೋಡಿ, "ನೀರು ಏರಿದೆ, ಮೈ ಇಳಿದಿದೆ" ಅಂದರು. ಮಾತ್ರೆ ಬದಲಿಸಿ ಬರೆದರು. "ಇನ್ನೊಂದು ತಿಂಗಳು ನೋಡೋಣ. ಹೀಗೇ ಇದ್ದರೆ ಅಡ್ಮಿಟ್ ಮಾಡಬೇಕಾಗುತ್ತದೆ ಅಮ್ಮೇ. ಆಮೇಲೆ ಮನೆಗೆ ಯಾವಾಗ ಅಂತ ನನ್ನನ್ನು ಕೇಳಬಾರದು."

ಸ್ಟೇಷನ್ನಿನ ಹೊರಗೆ ಗಾಡಿಯೊಂದರಲ್ಲಿ ಗಾಜಿನ ಭರಣಿಗಳ ಸಾಲು. ಅನಾನಸು, ಕ್ಯಾರೆಟ್, ನೆಲ್ಲಿಕಾಯಿ, ಎಲ್ಲ ಉಪ್ಪುನೀರಿನಲ್ಲಿ ಮುಳುಗಿಸಿಟ್ಟದ್ದು. ಇಲ್ಲಿಯವರು ಉಪ್ಪಿಲಿಟ್ಟದ್ ಅನ್ನುತ್ತಾರೆ. ಅತ್ತೆ ಅದನ್ನು ನೋಡಿಯೂ ನೋಡದ ಹಾಗೆ ದಾಟಿದರು. ನಾನು ನೀರಿನ ಬಾಟಲಿ ತೆಗೆದುಕೊಂಡು ಪ್ಲಾಟ್‌ಫಾರ್ಮಿಗೆ ಬಂದಾಗ ಅತ್ತೆ ಬೆಂಚಿನಲ್ಲಿ ಕೂತಿದ್ದರು. ಅವರ ಒಂದು ಕೆನ್ನೆ ಉಬ್ಬಿತ್ತು.

"ಬಾಯಲ್ಲಿ ಎಂತ ಅತ್ತೆ?"

"ಹಲ್ಲು."

ಜಯಕರ ನಮ್ಮ ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಹುಡುಕುವವರ ಹಾಗೆ ಆಚೆ ನಡೆದುಬಿಟ್ಟರು. ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಕೂತ ನೆಲ್ಲಿಕಾಯಿ ಅಂದರೆ ಒಳಗಿನ ತನಕ ಉಪ್ಪು. ನಾನು ಅಂಗೈ ಚಾಚಿದೆ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, ಅರ್ಧ ನೆಲ್ಲಿಕಾಯಿಯನ್ನು ನನ್ನ ಕೈಗೆ ಉಗುಳಿದರು. ಉಳಿದರ್ಧ ಅಷ್ಟರಲ್ಲಿ ಹೊಟ್ಟೆಗೆ ಹೋಗಿತ್ತು.

ರೈಲು ಕೊಲ್ಲಂ ದಾಟಿದ ಮೇಲೆ ಅತ್ತೆ ಹೇಳಿದರು, "ನನ್ನನ್ನು ಆಸ್ಪತ್ರೆಗೆ ಹಾಕಬೇಡ ದೀಪ್ತಿ. ಸಪ್ಪೆ ಗಂಜಿಯೂ ಬೇಡ."

"ಎರಡೂ ಬೇಡ ಅಂದ್ರೆ ನಾನು ಎಂತ ಮಾಡ್ಲಿ ಅತ್ತೆ?"

"ಅದು ನನಗೆ ಹೇಗೆ ಗೊತ್ತು? ನಾನು ರಿಜಿಸ್ಟ್ರಾರ್ ಆಫೀಸಿನವಳು. ನೀನಲ್ವಾ ಕೆಮಿಸ್ಟು."

ಹೇಳಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದರು. ತಲೆ ಎಷ್ಟು ಹಗುರ ಇತ್ತು ಅಂದರೆ, ನಾನು ಎರ್ನಾಕುಳಂ ಬರುವ ತನಕ ಅಲ್ಲಾಡಲಿಲ್ಲ.

ಮರುದಿನ ಬೆಳಿಗ್ಗೆ, ಹಿಂದಿನ ರಾತ್ರಿ ಅತ್ತೆಗೆ, ನೀರು ಸೇರಿಸುವುದು ಬಿಟ್ಟು ಹಳೆಯ ಹದದಲ್ಲೇ, ಮಾಡಿದ್ದ ಗಂಜಿಯ ತಿಳಿಯನ್ನು ಒಂದು ಬಾಟಲಿಯಲ್ಲಿ ಹಾಕಿ ಲ್ಯಾಬಿಗೆ ಒಯ್ದೆ. ಸಾಂಬಾರು ಒಯ್ಯುವ ಹಾಗಿಲ್ಲ, ಅದರ ಬಣ್ಣವೂ ಹುಳಿಯೂ ನಮ್ಮ ಪರೀಕ್ಷೆಗೆ ಆಗಿಬರುವುದಿಲ್ಲ. ಗಂಜಿ ತಿಳಿ ಸಾಧು. ಸೋಸಿ, ಅಳೆದು, ಹಳದಿ ಸೂಚಕದ ಕೆಲವು ಹನಿ ಬಿಟ್ಟು, ಮೇಲಿನಿಂದ ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಇಳಿಸುತ್ತಾ ಕೂತೆ. ಪ್ರತಿ ಹನಿಗೂ ಬೆಳ್ಳಗೆ ಮೋಡದ ಹಾಗೆ ಏಳುತ್ತದೆ. ಉಪ್ಪೆಲ್ಲ ಮುಗಿದ ಮೇಲೆ ಬೀಳುವ ಹನಿಗೆ ಇಡೀ ಫ್ಲಾಸ್ಕು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ನಿಲ್ಲಿಸಿ ಲೆಕ್ಕ ಮಾಡಬೇಕು, ಟೈಟ್ರೇಶನ್ ಅಂದರೆ ಇದೇ.

ನನ್ನ ಜೊತೆ ಕೆಲಸ ಮಾಡುವ ಗ್ರೇಸಿ ಹಿಂದಿನಿಂದ ಬಂದು ಮೂಸಿ ನೋಡಿದಳು. "ಇದು ಯಾವ ಬಾಯ್ಲರಿನ ನೀರು ದೀಪ್ತಿ? ಕುಚ್ಚಲಕ್ಕಿ ವಾಸನೆ ಬರ್ತಾ ಇದೆಯಲ್ಲ."

"ನನ್ನ ಅತ್ತೆಯದ್ದು."

"ಅತ್ತೆಯನ್ನು ಟೈಟ್ರೇಟ್ ಮಾಡುವ ಸೊಸೆಯನ್ನು ಇವತ್ತೇ ನೋಡಿದ್ದು" ಅಂತ ಕುರ್ಚಿ ಎಳೆದುಕೊಂಡು ಕೂತಳು.

ಲೆಕ್ಕ ಬಂತು. ನಾನು ಎರಡು ಸಲ ಮಾಡಿದೆ. ಒಂದು ದೊಡ್ಡ ಬಟ್ಟಲು ಗಂಜಿಗೆ ಹದವಾಗಿ ಉಪ್ಪು ಹಾಕಿದರೆ, ಡಾಕ್ಟರು ಇಡೀ ದಿನಕ್ಕೆ ಹೇಳಿದ ಪಾಲು ಬಹುಮಟ್ಟಿಗೆ ಅದರಲ್ಲೇ ಮುಗಿಯುತ್ತದೆ. ನಾನು ಇಷ್ಟು ದಿನ ಪಲ್ಯ ಸಾಂಬಾರು ಅಂತ ಚಿಟಿಕೆ ಚಿಟಿಕೆ ಕದಿಯುತ್ತಾ ಕೂತಿದ್ದೆ. ದೊಡ್ಡ ಪಾಲೆಲ್ಲ ಗಂಜಿಯ ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದೆ ಒಳಗೆ ಹೋಗುತ್ತಿತ್ತು. ಅಂದರೆ ತೆಗೆಯಬೇಕಾದದ್ದು ಗಂಜಿಯ ಉಪ್ಪನ್ನೇ. ನಾನು ಮಾತು ಕೊಟ್ಟದ್ದೂ ಅದರದ್ದೇ.

ಮಧ್ಯಾಹ್ನ ಊಟದ ಡಬ್ಬಿ ತೆರೆದು ಹಾಗೆಯೇ ಮುಚ್ಚಿದೆ. ಗ್ರೇಸಿ ದೋರೆ ಪೇರಳೆ ಹೆಚ್ಚಿ ತಂದಿದ್ದಳು, ಒಂದು ಕಾಗದದ ಪೊಟ್ಟಣದಲ್ಲಿ ಉಪ್ಪು. ಪೇರಳೆಯ ಒಂದು ಹೋಳಿನ ತುದಿಯನ್ನು ಉಪ್ಪಿಗೆ ತಾಗಿಸುತ್ತಾಳೆ, ಬಾಯಿಗಿಡುತ್ತಾಳೆ, ಕಣ್ಣು ಮುಚ್ಚುತ್ತಾಳೆ. ನಾನು ನೋಡುತ್ತಾ ಕೂತಿದ್ದವಳು ಎದ್ದು ಆ ಪೊಟ್ಟಣವನ್ನು ಕಿತ್ತುಕೊಂಡು ತಕ್ಕಡಿಯ ಮೇಲಿಟ್ಟೆ. ತೂಕ ನೋಡಿ ವಾಪಸು ಕೊಟ್ಟೆ.

"ತಿನ್ನು."

"ಎಂತ ಹುಚ್ಚು ಹಿಡೀತಾ?"

"ಹೋಳೆಲ್ಲ ಮುಗಿಯುವ ತನಕ ತಿನ್ನು ಮಾರಾಯ್ತಿ. ಆಮೇಲೆ ಹೇಳ್ತೇನೆ."

ಗ್ರೇಸಿ ನನ್ನ ಮುಖ ನೋಡುತ್ತಾ ಹೆದರಿ ಹೆದರಿ ಎಲ್ಲ ತಿಂದಳು. ಪೊಟ್ಟಣವನ್ನು ಮತ್ತೆ ತೂಗಿದೆ. ಅಷ್ಟು ಪೇರಳೆಗೆ ಅವಳು ತಿಂದ ಉಪ್ಪು, ಗಂಜಿ ಬಟ್ಟಲಿನದ್ದರ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ.

"ಉಪ್ಪು ಸಾಕಾಯ್ತಾ ನಿನಗೆ?"

"ಸ್ವಲ್ಪ ಹೆಚ್ಚೇ ಆಯ್ತು."

ನೀರಿನಲ್ಲಿ ಕರಗಿದ ಉಪ್ಪು ಬಟ್ಟಲಿನ ಮೂಲೆಮೂಲೆಗೂ ಸಮನಾಗಿ ಹಂಚಿ ಹೋಗುತ್ತದೆ. ಗುಟುಕರಿಸುವಾಗ ಅದರಲ್ಲಿ ಹೆಚ್ಚಿನದು ನಾಲಿಗೆಗೆ ತಾಗದೆ ಸೀದಾ ಗಂಟಲಿಗೆ ಇಳಿಯುತ್ತದೆ. ನಾಲಿಗೆ ಲೆಕ್ಕ ಇಡುವುದು ಒಟ್ಟು ಎಷ್ಟು ಉಪ್ಪು ಅಂತ ಅಲ್ಲ, ಈ ಗಳಿಗೆಯಲ್ಲಿ ತನಗೆ ತಾಗಿದ ತೇವ ಎಷ್ಟು ಉಪ್ಪು ಅಂತ. ಒಣ ಉಪ್ಪಿನ ಚಿಟಿಕೆ ನಾಲಿಗೆಯ ಮೇಲೆಯೇ ಕರಗಿದರೆ, ಅಲ್ಲಿರುವ ಒಂದು ಹನಿ ಎಂಜಲಿನಲ್ಲಿ ಸಮುದ್ರಕ್ಕಿಂತ ಗಟ್ಟಿ ಉಪ್ಪುನೀರು ತಯಾರಾಗುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಅಡುಗೆಮನೆಗೆ ಹೋದಾಗ ಗೊತ್ತಿರಲಿಲ್ಲ, ಅಷ್ಟೇ.

ಆದರೂ ಒಂದು ತೊಡಕು ಉಳಿದಿತ್ತು. ಹೀಗೆ ಉಪ್ಪನ್ನು ಗಂಜಿಯ ಹೊರಗೆ, ಒಣದಾಗಿ ಕೊಡಬೇಕಾದರೆ ಗಂಜಿ ಸಪ್ಪೆಯೇ ಆಗಬೇಕು. ಗುಟ್ಟಾಗಿ ಮಾಡಲು ಬರುವುದಿಲ್ಲ, ಅತ್ತೆಯ ನಾಲಿಗೆ ಅಂಥದ್ದಲ್ಲ. ಹೇಳಿಯೇ ಮಾಡಬೇಕು.

ಜಯಕರ ಮನೆಯಲ್ಲಿರುವ ಭಾನುವಾರ ನೋಡಿ ಮಾಡಿದೆ, ಸಂಜೆಯ ಬದಲು ಮಧ್ಯಾಹ್ನವೇ. ಉಪ್ಪನ್ನು ಮಿಕ್ಸಿಯ ಸಣ್ಣ ಜಾರಿನಲ್ಲಿ ಹಿಟ್ಟಿನ ಹಾಗೆ ನುಣ್ಣಗೆ ಮಾಡಿಕೊಂಡೆ. ಹರಳು ದೊಡ್ಡದಿದ್ದರೆ ಕರಗುವ ಮೊದಲು ನುಂಗಿ ಹೋಗುತ್ತದೆ, ನುಣ್ಣಗಿದ್ದರೆ ತಾಗಿದ ಕೂಡಲೇ ಕರಗುತ್ತದೆ. ಒಣಮೆಣಸು ಸುಟ್ಟು ತೆಂಗಿನಕಾಯಿ ಚಟ್ನಿ ಅರೆದೆ, ಉಪ್ಪು ಹಾಕದೆ. ಅಶ್ವಿತಾ ಅಜ್ಜಿಯ ಆ ಹೊತ್ತಿನ ಪಾಲನ್ನು ತೂಕ ಮಾಡಿ ಸಣ್ಣ ಸ್ಟೀಲ್ ಬಟ್ಟಲಿಗೆ ಹಾಕಿದಳು. ಆಮೇಲೆ ನಾನು ಹೊರಗೆ ಬಂದು ಅತ್ತೆಯ ಎದುರು ಕುರ್ಚಿಯಲ್ಲಿ ಕೂತೆ. ಸುತ್ತಿ ಬಳಸಿ ಹೇಳಿದರೆ ಅವರು ಹಿಡಿದುಬಿಡುತ್ತಾರೆ.

"ಅತ್ತೆ, ಇವತ್ತು ಗಂಜಿಗೆ ಉಪ್ಪು ಹಾಕ್ಲಿಲ್ಲ. ಇನ್ನು ಹಾಕ್ಲಿಕ್ಕೂ ಇಲ್ಲ."

ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ನೀನು ಕೊಟ್ಟ ಮಾತು?"

"ಅದನ್ನು ಮುರೀತಾ ಇದ್ದೇನೆ."

ಜಯಕರ ನಡುವೆ ಬಂದರು. "ಅಮ್ಮ, ಅವಳು ಎಷ್ಟು ಯೋಚಿಸಿ..."

"ನೀನು ಸುಮ್ಮನಿರು, ಪೊಟ್ಯಾಸಿಯಂ."

ಜಯಕರ ಕೂತರು. ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದರು. ಹೊರಗೆ ಮೆಟ್ರೋ ಒಂದು ಹೋಯಿತು, ಆಚೆಯಿಂದ ಇನ್ನೊಂದು ಬಂತು. ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ, ಗೋಡೆಯ ಕಡೆ ತಿರುಗಿ ಮಲಗಿದರೆ, ನಾನು ಮಾಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

"ಯಾಕೆ?" ಅಂದರು ಕೊನೆಗೆ. ಸಿಟ್ಟಿನಲ್ಲಿ ಅಲ್ಲ. ಅರ್ಜಿ ಹಿಡಿದು ಬಂದವರನ್ನು ಕೇಳುವ ಹಾಗೆ.

ನಾನು ಎರಡು ಸಮನಾದ ಚಿಟಿಕೆ ಉಪ್ಪು ತಂದೆ. ಒಂದನ್ನು ಲೋಟದ ತುಂಬ ನೀರಿಗೆ ಹಾಕಿ ಕಲಸಿದೆ. "ಒಂದು ಗುಟುಕು ನೋಡಿ."

ನೋಡಿದರು. "ಬರೀ ನೀರು."

"ಈಗ ಇದನ್ನು ನಾಲಿಗೆಗೆ ಹಾಕಿ."

ಹಾಕಿದರು. ಮುಖ ಕಿವುಚಿತು. ಲೋಟವನ್ನೂ ಕೈಯನ್ನೂ ನೋಡಿದರು. "ಎರಡೂ ಒಂದೇ ಚಿಟಿಕೆಯಾ?"

"ಒಂದೇ. ಅಶ್ವಿತಾ ತೂಕ ಮಾಡಿದ್ದು."

"ಅವಳು ಮಾಡಿದ್ದಾದ್ರೆ ಸರಿ ಇರ್ತದೆ."

ಅಶ್ವಿತಾ ಬಾಗಿಲಲ್ಲಿ ನಿಂತು ನನಗೆ ಹಲ್ಲು ತೋರಿಸಿದಳು. ನಾನು ಲ್ಯಾಬಿನ ಕತೆ ಹೇಳಿದೆ, ಗ್ರೇಸಿಯ ಪೇರಳೆಯ ಕತೆ ಹೇಳಿದೆ. ಅತ್ತೆ ಪೂರ್ತಿ ಕೇಳಿದರು. ಆದರೆ ಮೇಜಿಗೆ ಬಂದು ಕೂತಾಗ, ಅಶ್ವಿತಾ ತಂದಿಟ್ಟ ಸ್ಟೀಲ್ ಬಟ್ಟಲು ನೋಡಿ ಹುಬ್ಬು ಗಂಟು ಹಾಕಿದರು.

"ಇದೆಂತ, ಗುಳಿಗೆ ಪುಡಿ ಮಾಡಿ ಕೊಟ್ಟ ಹಾಗೆ? ಉಪ್ಪು ಬಡಿಸುವುದು ಎಲೆಯ ತುದಿಗೆ. ಊರಲ್ಲಿ ಎಲೆ ಹಾಕಿದ ಕೂಡಲೇ ಮೊದಲು ಬರುವುದು ಉಪ್ಪು. ನಿಮ್ಮ ಈ ತಟ್ಟೆ ಬಂದು ಅದೆಲ್ಲ ಹೋಯ್ತು. ಜಯಾ, ಕೆಳಗೆ ತರಕಾರಿಯವನ ಹತ್ರ ಬಾಳೆಲೆ ಉಂಟಾ ನೋಡು."

ಜಯಕರ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿದರು. ನಾಲ್ಕು ತುಂಡು ಎಲೆ ಹಾಕಿದೆ, ನಾಲ್ಕರ ತುದಿಗೂ ಉಪ್ಪು ಬಡಿಸಿದೆ. ಚಟ್ನಿ ಬಡಿಸಿ ಅದರ ನೆತ್ತಿಗೆ ಒಂದು ಚೂರು ಉಪ್ಪು ಉದುರಿಸಿದೆ. ಒಂದೇ ಪಾತ್ರೆಯಿಂದ ನಾಲ್ಕು ಬಟ್ಟಲಿಗೆ ಗಂಜಿ ಹಾಕಿದೆ. ಅತ್ತೆ ನಾಲ್ಕೂ ಬಟ್ಟಲು ನೋಡಿದರು.

"ನಿಮಗೂ ಇದೇಯಾ?"

"ಇದೇ ಅತ್ತೆ. ಮನೆಯಲ್ಲಿ ಬೇರೆ ಗಂಜಿ ಇಲ್ಲ."

"ನನ್ನಮ್ಮನಿಗೆ ಒಬ್ಬರಿಗೇ ಇತ್ತು" ಅಂದರು. ಬಟ್ಟಲನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಒಂದು ಚಮಚ ಕುಡಿದರು. ಬೆರಳ ತುದಿಯನ್ನು ಎಲೆಯ ಉಪ್ಪಿಗೆ ಮುಟ್ಟಿಸಿ ನಾಲಿಗೆಗೆ ತಾಗಿಸಿದರು. ಇನ್ನೊಂದು ಚಮಚ. ಚಟ್ನಿ ಒಂದು ಚೂರು. ನಾವು ಮೂವರೂ ನಮ್ಮ ಬಟ್ಟಲು ಮುಟ್ಟದೆ ನೋಡುತ್ತಿದ್ದೆವು.

"ಗಂಜಿ ಸಪ್ಪೆಯೇ" ಅಂದರು.

"ಹೌದು ಅತ್ತೆ."

"ಬಾಯಿ ಸಪ್ಪೆ ಇಲ್ಲ." ಮತ್ತೆ ಜಯಕರರ ಕಡೆ ತಿರುಗಿದರು. "ನೀನು ಎಂತ, ಮದುವೆಯಲ್ಲಿ ಹುಡುಗಿ ನೋಡಿದ ಹಾಗೆ ನೋಡ್ತಾ ಇದ್ದೀ? ಕುಡಿ."

ಜಯಕರ ಉಪ್ಪು ಮುಟ್ಟದೆ ಒಂದು ದೊಡ್ಡ ಗುಟುಕು ಕುಡಿದು ಹರಳೆಣ್ಣೆ ನುಂಗಿದವರ ಮುಖ ಮಾಡಿದರು. ಅತ್ತೆ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. ಅಶ್ವಿತಾ ಕನ್ನಡದಲ್ಲೇ, ತಡವರಿಸುತ್ತಾ, "ಅಜ್ಜಿ, ಅಪ್ಪನಿಗೆ ಎರಡು ಚಮಚ ಗಂಜಿ ಜಾಸ್ತಿ ಹಾಕಿ" ಅಂದಳು.

ಬಟ್ಟಲು ಖಾಲಿಯಾಯಿತು. ಎಲೆಯ ತುದಿಯಲ್ಲಿ ಸ್ವಲ್ಪ ಉಪ್ಪು ಉಳಿದಿತ್ತು. ಅತ್ತೆ ಇನ್ನೊಂದು ಸೌಟು ಕೇಳಿದರು. ನೀರಿನ ಅಳತೆ ಮುಗಿಯಿತು ಅಂತ ನಾನು ಕೊಡಲಿಲ್ಲ. ಬೈದರು.

ಮುಂದಿನ ತಿಂಗಳು ಡಾಕ್ಟರ್ ವಿನ್ಸೆಂಟ್ ಕಾಲು ಒತ್ತಿ ನೋಡಿದರು. ಹೊಂಡ ಬೀಳಲಿಲ್ಲ. ತೂಕದ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ಅಡ್ಮಿಟ್ ಬೇಡ, ಎರಡು ತಿಂಗಳು ಬಿಟ್ಟು ಬನ್ನಿ ಅಂದರು. ಅತ್ತೆ ಈಗಲೂ ದಿನಾ ಸಂಜೆ ಗಂಜಿಗೆ ಕೂರುತ್ತಾರೆ.

ಅತ್ತೆಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ. ಅವರ ಮುಂದೆ ಉಪ್ಪಿಲ್ಲದ ಗಂಜಿ ಇಟ್ಟೆ.